ಸೆರೆಬ್ರಲ್ ಪಾಲ್ಸಿ ಇರುವ ಮಗುವಿಗೆ ಯಾವ ಥೆರಪಿ, ಎಷ್ಟು, ಎಲ್ಲಿ? ದುಡ್ಡು ಕಟ್ಟುವ ಮುಂಚೆ ಒಮ್ಮೆ ಓದಿ

ಚಾಮರಾಜಪುರಂ, ಮೈಸೂರು: ನಂಜನಗೂಡು, ಚಾಮರಾಜನಗರ ಕಡೆಯ ರೈಲು ನಮ್ಮ ಚಾಮರಾಜಪುರಂ ಸ್ಟೇಷನ್ನಿನಲ್ಲಿ ನಿಂತಾಗ ಇಳಿಯುವವರನ್ನು ಸ್ವಲ್ಪ ಗಮನಿಸಿ ನೋಡಿ. ಐದಾರು ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಫೈಲು ಹಿಡಿದು ಆಟೋ ಹುಡುಕುವ ತಾಯಂದಿರು ಕಣ್ಣಿಗೆ ಬೀಳುತ್ತಾರೆ. ಕೆಲವರು ಹೋಗುವುದು ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆಗೆ. ಇನ್ನು ಕೆಲವರು ಮಾನಸಗಂಗೋತ್ರಿಯ 'ಸ್ಪೀಚ್ ಅಂಡ್ ಹಿಯರಿಂಗ್'ಗೆ. ದೂರದ ಊರಿನವರು ಮಾತ್ರ ಅಂದುಕೊಳ್ಳಬೇಡಿ. ನಮ್ಮ ಬೀದಿಗಳಲ್ಲೂ ಇಂಥ ಮಕ್ಕಳಿದ್ದಾರೆ, ಹೊರಗೆ ಕರೆತರುವುದು ಕಡಿಮೆ, ಹಾಗಾಗಿ ಗೊತ್ತಾಗೋದಿಲ್ಲ.

ಆ ಫೈಲಿನಲ್ಲಿ ಎಷ್ಟೋ ಸಲ ಬರೆದಿರುವುದು ಎರಡೇ ಅಕ್ಷರ: ಸಿ.ಪಿ. ಅಂದರೆ ಸೆರೆಬ್ರಲ್ ಪಾಲ್ಸಿ. ಕನ್ನಡದಲ್ಲಿ ಮೆದುಳಿನ ಪಾರ್ಶ್ವವಾಯು ಅಂತ ಬರೆಯುವುದುಂಟು. ಮನೆಗಳಲ್ಲಿ ಮಾತ್ರ 'ನರದ ವೀಕ್‌ನೆಸ್' ಅನ್ನುತ್ತಾರೆ. ತೊಂದರೆ ಶುರುವಾಗುವುದೇ ಈ ಹೆಸರಿನಿಂದ. ನರ ವೀಕು ಅಂದಮೇಲೆ ಟಾನಿಕ್ ಬೇಕು, ಎಣ್ಣೆ ಬೇಕು, ಯಾರೋ ಚೆನ್ನಾಗಿ ತಿಕ್ಕಬೇಕು ಅನ್ನೋ ಲೆಕ್ಕಾಚಾರ ಬರುತ್ತದೆ. ಸಾಲ ಮಾಡಿ ಊರೂರು ಸುತ್ತುತ್ತಾರೆ. ಅಷ್ಟರಲ್ಲಿ ಮಗುವಿಗೆ ಐದು ವರ್ಷ ತುಂಬಿರುತ್ತದೆ.

ಸೆರೆಬ್ರಲ್ ಪಾಲ್ಸಿಯನ್ನು ಗುಣಮಾಡುವ ಮಾತ್ರೆ ಇಲ್ಲ. ಆದರೆ ಮಗುವಿನ ಬದುಕು ಬದಲಾಯಿಸುವ ಥೆರಪಿಗಳು ಇವೆ. ಯಾವುದು ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂಬುದರ ಬಗ್ಗೆ ಈಗ ಸಾಕಷ್ಟು ಸ್ಪಷ್ಟತೆಯೂ ಇದೆ. ಒಂದು ಸಾಲಿನಲ್ಲಿ ಹೇಳುವುದಾದರೆ, ಬೇರೆಯವರು ಮಗುವಿನ ಕೈಕಾಲು ಹಿಡಿದು ಆಡಿಸುವುದರಿಂದ ಸಿಗುವ ಲಾಭ ಕಡಿಮೆ. ಮಗು ತಾನೇ ಪ್ರಯತ್ನಪಟ್ಟು, ತನಗೆ ಬೇಕಾದ ಕೆಲಸವನ್ನು, ದಿನಾ ಹತ್ತಾರು ಸಲ ಮಾಡುವುದರಿಂದ ಸಿಗುವ ಲಾಭ ಹೆಚ್ಚು. ಮುಂದಿನದೆಲ್ಲ ಇದರ ವಿವರಣೆ.

ಆಗಿರುವುದೇನು?

ಮಗು ಗರ್ಭದಲ್ಲಿದ್ದಾಗ, ಹೆರಿಗೆ ಸಮಯದಲ್ಲಿ ಅಥವಾ ಹುಟ್ಟಿದ ಸ್ವಲ್ಪ ಕಾಲದಲ್ಲಿ ಬೆಳೆಯುತ್ತಿರುವ ಮೆದುಳಿಗೆ ಪೆಟ್ಟು ಬಿದ್ದಿರುತ್ತದೆ. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು, ತೂಕ ತೀರಾ ಕಡಿಮೆ ಇದ್ದದ್ದು, ಉಸಿರು ತಡವಾಗಿ ಬಂದದ್ದು, ಕಾಮಾಲೆ ವಿಪರೀತ ಏರಿದ್ದು, ಮೆದುಳಿಗೆ ಸೋಂಕು, ಹೀಗೆ ಕಾರಣ ಹಲವು. ಕೆಲವು ಸಲ ಕಾರಣ ಗೊತ್ತೇ ಆಗುವುದಿಲ್ಲ. ಗ್ರಹಣ ನೋಡಿದ್ದು, ತಾಯಿ ಏನೋ ತಿಂದದ್ದು ಇದಕ್ಕೆ ಕಾರಣ ಅಲ್ಲ. ಇದು ಅಂಟುವುದೂ ಇಲ್ಲ. ಮೆದುಳಿಗೆ ಆದ ಗಾಯ ಮುಂದೆ ದೊಡ್ಡದಾಗುವುದಿಲ್ಲ. ಆದರೆ ಮೈ ಬೆಳೆದಂತೆ ಸ್ನಾಯುಗಳ ಬಿಗಿತ ಮೂಳೆ, ಕೀಲುಗಳನ್ನು ಎಳೆಯುತ್ತಾ ಹೋಗುತ್ತದೆ. 'ಮೊದಲು ಚೆನ್ನಾಗಿದ್ದ, ಈಗ ಜಾಸ್ತಿ ಆಗಿದೆ' ಅಂತ ಮನೆಯವರಿಗೆ ಅನ್ನಿಸುವುದು ಇದರಿಂದಲೇ.

ನಮ್ಮ ದೇಶದಲ್ಲಿ ಸಾವಿರ ಮಕ್ಕಳಿಗೆ ಸುಮಾರು ಎರಡು ಮೂರು ಮಕ್ಕಳಲ್ಲಿ ಇದು ಕಾಣುತ್ತದೆ. ಎಲ್ಲರಲ್ಲೂ ಒಂದೇ ತರಹ ಇರುವುದಿಲ್ಲ. ಒಬ್ಬ ಹುಡುಗ ಒಂದು ಕಾಲು ಸ್ವಲ್ಪ ಎಳೆದುಕೊಂಡು ಕ್ರಿಕೆಟ್ ಆಡುತ್ತಾನೆ, ಇನ್ನೊಬ್ಬಳಿಗೆ ತಲೆ ನಿಲ್ಲಿಸುವುದೂ ಕಷ್ಟ. ಡಾಕ್ಟರುಗಳು ಇದನ್ನು ಒಂದರಿಂದ ಐದರವರೆಗೆ ಹಂತ ಮಾಡುತ್ತಾರೆ. ಕೆನಡಾದವರು 1997ರಲ್ಲಿ ಪ್ರಕಟಿಸಿದ ಪದ್ಧತಿ ಇದು. ಒಂದು, ಎರಡನೇ ಹಂತದ ಮಕ್ಕಳು ತಾವೇ ನಡೆಯುತ್ತಾರೆ. ಮೂರರವರಿಗೆ ವಾಕರ್ ತರಹದ ಆಸರೆ ಬೇಕು. ನಾಲ್ಕು, ಐದರವರಿಗೆ ಓಡಾಡಲು ಗಾಲಿಕುರ್ಚಿಯೇ ಆಧಾರ. ನಿಮ್ಮ ಮಗು ಯಾವ ಹಂತ ಅಂತ ಡಾಕ್ಟರನ್ನೋ ಫಿಸಿಯೋಥೆರಪಿಸ್ಟನ್ನೋ ಕೇಳಿ ಫೈಲಿನಲ್ಲಿ ಬರೆಸಿಕೊಳ್ಳಿ. ಯಾರಾದರೂ 'ಆರು ತಿಂಗಳಲ್ಲಿ ನಡೆಸಿಕೊಡ್ತೀವಿ, ಇಷ್ಟು ಕಟ್ಟಿ' ಅಂದರೆ ಅದು ನಂಬುವ ಮಾತೋ ಅಲ್ಲವೋ ಅಂತ ಅಳೆಯಲು ಈ ಒಂದು ಅಂಕಿ ಸಾಕು.

ಇನ್ನೊಂದು ವಿಷಯ. ಮಾತು ತೊದಲುತ್ತದೆ, ಜೊಲ್ಲು ಸುರಿಯುತ್ತದೆ ಅಂದಾಕ್ಷಣ ಬುದ್ಧಿ ಇಲ್ಲ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಸಿ.ಪಿ. ಇರುವವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಬೌದ್ಧಿಕ ತೊಂದರೆ ಇರುತ್ತದೆ. ಅಂದರೆ ಉಳಿದರ್ಧ ಜನರಿಗೆ ಇಲ್ಲ. ಅವರ ಎದುರಿಗೇ ಅವರ ಬಗ್ಗೆ ನಾವಾಡುವ ಮಾತೆಲ್ಲ ಅವರಿಗೆ ಅರ್ಥವಾಗುತ್ತಿರುತ್ತದೆ.

'ಅವರಪ್ಪನೂ ಲೇಟಾಗೇ ನಡೆದಿದ್ದು'

ಹೆಚ್ಚು ಸಮಯ ಕಳೆದುಹೋಗುವುದು ಈ ಮಾತಿನಲ್ಲಿ. ಮೂರು ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಮುಷ್ಟಿ ಸದಾ ಬಿಗಿದೇ ಇದ್ದರೆ, ಡಯಾಪರ್ ಹಾಕುವಾಗ ಕಾಲುಗಳು ಕತ್ತರಿಯಂತೆ ಬಿಗಿಯಾಗಿ ಸೇರಿಕೊಂಡರೆ, ಒಂಬತ್ತು ತಿಂಗಳಿಗೂ ಆಸರೆ ಇಲ್ಲದೆ ಕೂರದಿದ್ದರೆ ತೋರಿಸಬೇಕು. ವರ್ಷ ತುಂಬುವ ಮೊದಲೇ ಮಗು ಒಂದೇ ಕೈ ಬಳಸುತ್ತಿದ್ದರೆ 'ನಮ್ಮ ಪುಟ್ಟ ಎಡಚ' ಅಂತ ಖುಷಿಪಡಬೇಡಿ. ಆ ವಯಸ್ಸಿನಲ್ಲಿ ಎಡಚ, ಬಲಚ ಅನ್ನುವುದು ಇರಬಾರದು. ಇನ್ನೊಂದು ಕೈಗೆ ಏನಾಗಿದೆ ಅಂತ ನೋಡಿಸಬೇಕು.

ಹೆರಿಗೆ ಕಷ್ಟವಾಗಿದ್ದು, ಮಗು ಐಸಿಯುನಲ್ಲಿದ್ದು ಬಂದಿದ್ದರೆ ಮೂರನೇ ತಿಂಗಳಿಂದಲೇ ತಪಾಸಣೆ ಶುರುವಾಗಬೇಕು. ತರಬೇತಿ ಪಡೆದವರು ಮಗು ಅಂಗಾತ ಮಲಗಿ ಕೈಕಾಲು ಆಡಿಸುವುದನ್ನು ಕೆಲವು ನಿಮಿಷ ವಿಡಿಯೋ ಮಾಡಿ ನೋಡಿಯೇ ಅಪಾಯ ಇದೆಯಾ ಅಂತ ಬಹುಮಟ್ಟಿಗೆ ಹೇಳಬಲ್ಲರು. ಆರು ತಿಂಗಳ ಒಳಗೇ ಗುರುತಿಸಲು ಸಾಧ್ಯ ಎಂದು 2017ರಿಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ನಮ್ಮಲ್ಲಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಅಂಗನವಾಡಿ, ಶಾಲೆಗಳಿಗೆ ಬರುವ ಆರೋಗ್ಯ ತಂಡ ಇಂಥ ಮಕ್ಕಳನ್ನು ಗುರುತಿಸಿ ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. ಖಚಿತವಾಗುವವರೆಗೆ ಕಾಯುವ ಅಗತ್ಯವೂ ಇಲ್ಲ, ಅನುಮಾನ ಬಂದಾಗಲೇ ಥೆರಪಿ ಶುರುಮಾಡಬಹುದು. ನಷ್ಟವಂತೂ ಇಲ್ಲ. ಮಗು ಕೂರುವುದು, ನಿಲ್ಲುವುದು, ನಡೆಯುವುದರಲ್ಲಿ ಕಲಿಯುವುದರ ಹೆಚ್ಚಿನ ಪಾಲು ಮೊದಲ ಐದು ವರ್ಷದಲ್ಲೇ ಮುಗಿದಿರುತ್ತದೆ.

ಅವರೆಕಾಯಿ ಥೆರಪಿ

ಹೆಸರು ತಮಾಷೆಗೆ ಇಟ್ಟಿದ್ದು, ವಿಷಯ ಗಂಭೀರವೇ. ಒಂದು ಕಡೆಯ ಕೈ ಮಾತ್ರ ದುರ್ಬಲವಾಗಿರುವ ಮಗುವನ್ನು ತೆಗೆದುಕೊಳ್ಳಿ. ಒಳ್ಳೆಯ ಕೈ ಎಲ್ಲ ಕೆಲಸ ಮಾಡಿಬಿಡುತ್ತದೆ, ಸೋತ ಕೈ ಮೂಲೆ ಸೇರುತ್ತದೆ. ಬಳಸದ ಕೈಯನ್ನು ಮೆದುಳೂ ಮರೆಯುತ್ತದೆ. ಇದಕ್ಕೆ ಎರಡು ದಾರಿ ಚೆನ್ನಾಗಿ ಪರೀಕ್ಷೆಯಾಗಿವೆ. ಮೊದಲನೆಯದು, ಒಳ್ಳೆಯ ಕೈಗೆ ದಿನದಲ್ಲಿ ಸ್ವಲ್ಪ ಹೊತ್ತು ಮೆತ್ತನೆಯ ಕೈಚೀಲ ಹಾಕಿ, ಸೋತ ಕೈಯಿಂದಲೇ ಆಟ ಆಡಿಸುವುದು. ಎರಡನೆಯದು, ಎರಡೂ ಕೈ ಬೇಕೇಬೇಕಾಗುವ ಕೆಲಸ ಕೊಡುವುದು.

ಎರಡನೆಯದಕ್ಕೆ ಆಮದು ಆಟಿಕೆ ಬೇಡ. ಸೀಸನ್ನಿನಲ್ಲಿ ಅವರೆಕಾಯಿ ಸುಲಿಯುವುದು, ನೆನೆಸಿದ ಕಾಳು ಹಿತುಕುವುದು, ಹೂ ಕಟ್ಟುವಾಗ ದಾರ ಹಿಡಿಯುವುದು, ಚಪಾತಿ ಹಿಟ್ಟು ನಾದುವುದು, ಡಬ್ಬಿ ಮುಚ್ಚಳ ತಿರುಗಿಸುವುದು, ಬಕೆಟ್ಟಿನಲ್ಲಿ ಬಟ್ಟೆ ಹಿಂಡುವುದು, ಇವೆಲ್ಲ ಎರಡು ಕೈಯ ಕೆಲಸ. ಮಗುವಿಗೆ ಇಷ್ಟವಾದದ್ದು ಆರಿಸಬೇಕು, ಅದು ಮುಖ್ಯ. ಅಂಗಡಿಯವರ ಮಕ್ಕಳಾದರೆ ಇನ್ನೂ ಸುಲಭ: ಕವರ್ ಬಿಡಿಸಿ ಹಿಡಿಯುವುದು, ಚಿಲ್ಲರೆ ಜೋಡಿಸುವುದು.

ಎಷ್ಟು ಹೊತ್ತು ಮಾಡಿಸಬೇಕು? ಈ ಪ್ರಶ್ನೆಗೂ ಈಗ ಒಂದು ಅಂದಾಜು ಸಿಕ್ಕಿದೆ. ಅಂಗಿ ಗುಂಡಿ ಹಾಕುವಂಥ ಒಂದು ನಿರ್ದಿಷ್ಟ ಕೆಲಸ ಕಲಿಯಲು ಸುಮಾರು 15ರಿಂದ 25 ಗಂಟೆಯ ಅಭ್ಯಾಸ ಬೇಕು. ಒಟ್ಟಾರೆ ಕೈ ಬಳಕೆ ಸುಧಾರಿಸಲು 30ರಿಂದ 40 ಗಂಟೆ. ಈಗ ಲೆಕ್ಕ ಹಾಕಿ. ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿಗೆ ಹೋಗಿಬಂದರೆ 20 ಗಂಟೆ ಆಗಲು ಆರು ತಿಂಗಳು ಹಿಡಿಯುತ್ತದೆ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಮಾಡಿಸಿದರೆ ನಲವತ್ತು ದಿನ ಸಾಕು. ಥೆರಪಿಸ್ಟ್ ಬೇಡ ಅಂತ ಇದರ ಅರ್ಥವಲ್ಲ. ಏನು ಮಾಡಿಸಬೇಕು, ಹೇಗೆ, ಯಾವಾಗ ಕಷ್ಟ ಹೆಚ್ಚಿಸಬೇಕು ಅಂತ ಹೇಳಿಕೊಡುವವರು ಅವರೇ. ಆದರೆ ಅಭ್ಯಾಸ ನಡೆಯಬೇಕಾದ ಜಾಗ ಮನೆ. ಒಳ್ಳೆಯ ಥೆರಪಿಸ್ಟನ್ನು ಗುರುತಿಸುವುದೂ ಇದರಿಂದಲೇ: ನಿಮ್ಮನ್ನು ಹೊರಗೆ ಕೂರಿಸಿ ಬಾಗಿಲು ಹಾಕಿಕೊಳ್ಳುವವರಿಗಿಂತ, ನಿಮ್ಮ ಕೈಯಲ್ಲೇ ಮಾಡಿಸಿ ನೋಡುವವರು ಮೇಲು.

ನಡಿಗೆಗೂ ಇದೇ ಮಾತು. ಕುರ್ಚಿಯಿಂದ ಎದ್ದು ನಿಂತು ಮತ್ತೆ ಕೂರುವುದನ್ನು ದಿನಾ ಅಷ್ಟು ಸಲ ಮಾಡುವುದು, ಮೆಟ್ಟಿಲು ಹತ್ತುವುದು, ಮೂರು ಚಕ್ರದ ಸೈಕಲ್ ತುಳಿಯುವುದು. ಬಿಗಿ ಸ್ನಾಯುಗೆ ಬಲ ಕೊಡುವ ವ್ಯಾಯಾಮ ಮಾಡಿಸಿದರೆ ಬಿಗಿತ ಇನ್ನೂ ಜಾಸ್ತಿಯಾಗುತ್ತೆ ಅನ್ನುವ ಭಯ ಹಿಂದೆ ಇತ್ತು. ಅದು ನಿಜವಲ್ಲ ಅಂತ ಈಗ ಗೊತ್ತಾಗಿದೆ. 1940ರ ದಶಕದಲ್ಲಿ ಲಂಡನ್ನಿನಲ್ಲಿ ಬೋಬಾತ್ ದಂಪತಿ ರೂಪಿಸಿದ ಪದ್ಧತಿ, ಅಂದರೆ ಥೆರಪಿಸ್ಟ್ ತನ್ನ ಕೈಯಿಂದ ಮಗುವಿನ ಚಲನೆ ತಿದ್ದುವುದು, ಜಗತ್ತಿನ ಎಲ್ಲ ಕಡೆ ಬಹುಕಾಲ ನಡೆಯಿತು, ನಮ್ಮಲ್ಲೂ ಎಷ್ಟೋ ಜನ ಅದನ್ನೇ ಕಲಿತವರು. ಅವರದು ತಪ್ಪೇನಲ್ಲ. ಆದರೆ ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತವರ ತಂಡ 2013ರಲ್ಲೂ 2020ರಲ್ಲೂ ಸಿಕ್ಕ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು, ಟ್ರಾಫಿಕ್ ಸಿಗ್ನಲ್ಲಿನಂತೆ ಹಸಿರು, ಹಳದಿ, ಕೆಂಪು ಗುರುತು ಹಾಕಿದಾಗ ಹಸಿರು ಬಿದ್ದದ್ದು ಮಗು ತಾನೇ ಮಾಡುವ ಥೆರಪಿಗಳಿಗೆ. ಮನೆಯಲ್ಲಿ ಮಾಡಿಸುವ ಕಾರ್ಯಕ್ರಮಕ್ಕೂ ಹಸಿರೇ.

ಊಟದ ಹೊತ್ತು

ಜೀವಕ್ಕೇ ಸಂಬಂಧಪಟ್ಟ ವಿಷಯ ಇದು, ಆದರೆ ಇದಕ್ಕೆ ಯಾರೂ ಥೆರಪಿ ಅಂತ ಹೆಸರಿಟ್ಟು ದುಡ್ಡು ಕೇಳುವುದಿಲ್ಲ, ಹಾಗಾಗಿ ಗಮನವೂ ಕಡಿಮೆ. ಹೆಚ್ಚು ತೊಂದರೆ ಇರುವ ಮಕ್ಕಳಿಗೆ ನುಂಗುವುದೇ ಕಷ್ಟ. ನಮ್ಮ ಮನೆಗಳಲ್ಲಿ ಮಗುವನ್ನು ಕಾಲ ಮೇಲೆ ಅಂಗಾತ ಮಲಗಿಸಿ, ತಲೆ ಹಿಂದಕ್ಕೆ ಬಾಗಿಸಿ, ಒಳಲೆಯಲ್ಲೋ ಲೋಟದಲ್ಲೋ ಬಾಯಿಗೆ ಹುಯ್ಯುವ ರೂಢಿ ಇದೆ. ಆರೇಳು ವರ್ಷದ ಸಿ.ಪಿ. ಮಗುವಿಗೂ ಹಾಗೇ ಮಾಡುತ್ತಾರೆ, ಬೇಗ ಮುಗಿಯುತ್ತದೆ ಅಂತ. ಅದರಲ್ಲಿ ಒಂದಿಷ್ಟು ಶ್ವಾಸಕೋಶಕ್ಕೆ ಹೋಗುತ್ತದೆ. ಪದೇ ಪದೇ ಕಫ, ಜ್ವರ, ನ್ಯುಮೋನಿಯಾ. ತೀವ್ರ ಸಿ.ಪಿ. ಇರುವವರಲ್ಲಿ ಸಾವಿಗೆ ದೊಡ್ಡ ಕಾರಣಗಳಲ್ಲಿ ಉಸಿರಾಟದ ಸೋಂಕೂ ಒಂದು.

ಹಾಗಾದರೆ ಏನು ಮಾಡೋದು? ಮಗುವನ್ನು ಆದಷ್ಟು ನೇರವಾಗಿ ಕೂರಿಸಿ. ಬೆನ್ನಿಗೆ, ಪಕ್ಕಕ್ಕೆ ದಿಂಬಿನ ಆಸರೆ, ಪಾದದ ಕೆಳಗೆ ಮಣೆ. ಗದ್ದ ಎದೆಯ ಕಡೆಗೆ ಸ್ವಲ್ಪ ಬಾಗಿರಲಿ, ಮೇಲಕ್ಕೆ ಎತ್ತಿರಬಾರದು. ನೀವು ಎದುರಿಗೆ, ಮಗುವಿನ ಕಣ್ಣಿನ ಮಟ್ಟದಲ್ಲಿ ಕೂತುಕೊಳ್ಳಿ. ನಿಂತುಕೊಂಡು ತಿನ್ನಿಸಿದರೆ ಮಗು ತಲೆ ಎತ್ತಲೇಬೇಕಾಗುತ್ತದೆ. ಚಿಕ್ಕ ಚಮಚ, ಸ್ವಲ್ಪ ಸ್ವಲ್ಪ, ಒಂದು ತುತ್ತು ನುಂಗಿದ ಮೇಲೇ ಇನ್ನೊಂದು. ನೀರು, ಕಾಫಿ, ತಿಳಿಸಾರು ಇವು ಗಂಟಲಲ್ಲಿ ಬೇಗ ಜಾರುತ್ತವೆ, ಇಂಥ ಮಕ್ಕಳಿಗೆ ಹಿಡಿತ ಸಿಗುವುದಿಲ್ಲ. ಸ್ವಲ್ಪ ಗಟ್ಟಿ ಇರುವ ರಾಗಿ ಗಂಜಿ, ನುಣ್ಣಗೆ ಕಿವುಚಿದ ಅನ್ನ ಬೇಳೆ, ಬಾಳೆಹಣ್ಣು ಸುಲಭ. ಎಷ್ಟು ಗಟ್ಟಿ ಅನ್ನುವುದು ಮಗುವಿನಿಂದ ಮಗುವಿಗೆ ಬೇರೆ, ಅದನ್ನು ನುಂಗುವಿಕೆ ಪರೀಕ್ಷಿಸಿದವರೇ ಹೇಳಬೇಕು. ಊಟವಾದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ.

ತಿನ್ನುವಾಗ ಕೆಮ್ಮು, ಕಣ್ಣಲ್ಲಿ ನೀರು, ಊಟವಾದ ಮೇಲೆ ಗಂಟಲಲ್ಲಿ ಗೊರಗೊರ ಸದ್ದು, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯುವುದು, ತೂಕ ಏರದಿರುವುದು, ಇವುಗಳಲ್ಲಿ ಯಾವುದಿದ್ದರೂ ತೋರಿಸಿ. 1965ರಲ್ಲಿ ಶುರುವಾದ ನಮ್ಮ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಮಾತು, ಕಿವಿಗೆ ಮಾತ್ರ ಅಂದುಕೊಂಡವರು ಬಹಳ. ನುಂಗುವ ತೊಂದರೆಯನ್ನೂ ಅಲ್ಲಿ ನೋಡುತ್ತಾರೆ. ಚಾಮರಾಜಪುರಂನಿಂದ ಆಟೋದಲ್ಲಿ ಹೋಗಿಬರುವಷ್ಟೇ ದೂರ. ದೇಶದ ಬೇರೆ ಬೇರೆ ಕಡೆಯಿಂದ ಜನ ಹುಡುಕಿಕೊಂಡು ಬರುವ ಜಾಗ ನಮ್ಮೂರಲ್ಲೇ ಇದೆ, ಕೇಂದ್ರ ಆರೋಗ್ಯ ಸಚಿವಾಲಯದ ಸಂಸ್ಥೆ.

ಮಾತು ಬಾರದಿದ್ದರೆ

ಸಿ.ಪಿ. ಇರುವ ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಅದಕ್ಕೆ ಚಿತ್ರಗಳ ಬೋರ್ಡು ಇದೆ: ನೀರು, ಊಟ, ಟಾಯ್ಲೆಟ್, ನೋವು, ಬೇಡ, ಇನ್ನೂ ಬೇಕು, ಅಮ್ಮ, ಅಜ್ಜಿ. ಮಗು ಬೆರಳಿನಿಂದಲೋ ಕಣ್ಣಿನಿಂದಲೋ ತೋರಿಸುತ್ತದೆ. ಮೊಬೈಲ್, ಟ್ಯಾಬಿನಲ್ಲಿ ಮಾತಾಡುವ ಆ್ಯಪುಗಳೂ ಬಂದಿವೆ. 'ಬೋರ್ಡು ಕೊಟ್ಟರೆ ಮಾತೇ ಕಲಿಯಲ್ಲ' ಅಂತ ಮನೆಯವರು ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಹೇಳಲು ದಾರಿ ಸಿಕ್ಕ ಮಗು ಹೆಚ್ಚು ಪ್ರಯತ್ನ ಮಾಡುತ್ತದೆ. 'ನೋವು' ಚಿತ್ರವನ್ನು ಮರೆಯಬೇಡಿ. ಸಿ.ಪಿ. ಇರುವ ನಾಲ್ವರಲ್ಲಿ ಮೂವರಿಗೆ ನೋವಿರುತ್ತದೆ. ಮಾತು ಬಾರದ ಮಗು ಅದನ್ನು ಹಟ ಮಾಡಿ, ರಾತ್ರಿಯೆಲ್ಲ ಅತ್ತು ಹೇಳುತ್ತದೆ.

ಸೊಂಟದ ಎಕ್ಸ್‌ರೇ

ಆ ನೋವಿಗೆ ಒಂದು ಮುಖ್ಯ ಕಾರಣ ಸೊಂಟದ ಕೀಲು. ಬಿಗಿ ಸ್ನಾಯು ತೊಡೆಮೂಳೆಯನ್ನು ಎಳೆದೆಳೆದು ಗುಂಡಿಯಿಂದ ನಿಧಾನಕ್ಕೆ ಹೊರತರುತ್ತದೆ. ಸಿ.ಪಿ. ಮಕ್ಕಳಲ್ಲಿ ಮೂವರಲ್ಲಿ ಒಬ್ಬರಿಗೆ ಇದು ಆಗುತ್ತದೆ, ಐದನೇ ಹಂತದವರಲ್ಲಿ ಹತ್ತಕ್ಕೆ ಒಂಬತ್ತು ಮಕ್ಕಳಿಗೆ. ಶುರುವಿನಲ್ಲಿ ನೋವಿರುವುದಿಲ್ಲ, ಹೊರಗಿನಿಂದ ಕಾಣುವುದೂ ಇಲ್ಲ, ಎಕ್ಸ್‌ರೇಯಲ್ಲಿ ಮಾತ್ರ ಗೊತ್ತಾಗುತ್ತದೆ. ಸ್ವೀಡನ್ನಿನಲ್ಲಿ 1994ರಿಂದ ಇಂಥ ಮಕ್ಕಳಿಗೆ ಕ್ರಮವಾಗಿ ಎಕ್ಸ್‌ರೇ ತೆಗೆದು ನಿಗಾ ಇಟ್ಟ ಮೇಲೆ ಕೀಲು ಪೂರ್ತಿ ಜಾರುವುದು ಬಹಳ ಕಡಿಮೆಯಾಯಿತು. ನಡೆಯದ ಮಗು ಇದ್ದರೆ ಎರಡು ವರ್ಷದ ಒಳಗೆ ಮೊದಲ ಎಕ್ಸ್‌ರೇ, ಆಮೇಲೆ ಆರು ತಿಂಗಳಿಗೋ ವರ್ಷಕ್ಕೋ ಒಮ್ಮೆ. ಮೂಳೆ ಡಾಕ್ಟರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ನೆಲದ ಮೇಲೆ 'ಡಬ್ಲ್ಯೂ' ಆಕಾರದಲ್ಲಿ ಕಾಲು ಮಡಿಸಿ ಕೂರುವುದು, ಇಡೀ ದಿನ ಒಂದೇ ಭಂಗಿಯಲ್ಲಿ ಮಲಗಿಸಿರುವುದು ಬೇಡ. ಸರಿಯಾದ ಕುರ್ಚಿ, ನಿಲ್ಲಿಸುವ ಚೌಕಟ್ಟು, ಪಾದದ ಸ್ಪ್ಲಿಂಟ್ ಬಳಸಿ ಭಂಗಿ ಬದಲಿಸುತ್ತಾ ಇರಬೇಕು. ಕೈಯಿಂದ ಐದು ನಿಮಿಷ ಎಳೆದು ಬಿಡುವುದಕ್ಕಿಂತ ಗಂಟೆಗಟ್ಟಲೆ ಸರಿಯಾದ ಭಂಗಿಯಲ್ಲಿ ಇರುವುದರಿಂದ ಉಪಯೋಗ ಜಾಸ್ತಿ. ಕೃತಕ ಅಂಗ ತಯಾರಿಸುವ ಸರ್ಕಾರಿ ಕಂಪನಿ ಅಲಿಮ್ಕೊ ಸಿ.ಪಿ. ಮಕ್ಕಳ ಕುರ್ಚಿ ಮಾಡುತ್ತದೆ, ಕೇಂದ್ರದ 'ಅಡಿಪ್' ಯೋಜನೆಯ ಶಿಬಿರಗಳಲ್ಲಿ ಅರ್ಹರಿಗೆ ಕೊಡುತ್ತಾರೆ. ಅದು ಸಿಗುವವರೆಗೆ ಥೆರಪಿಸ್ಟ್ ಕೊಟ್ಟ ಅಳತೆ ಹಿಡಿದು ನಮ್ಮ ಬಡಗಿಯೇ ಮೂಲೆ ಕುರ್ಚಿ ಮಾಡಿಕೊಡಬಲ್ಲ. ಚಮಚದ ಹಿಡಿ ದಪ್ಪ ಮಾಡಲು ಸೈಕಲ್ ಶಾಪಿನ ಹ್ಯಾಂಡಲ್ ಗ್ರಿಪ್ ಸಾಕು.

ದುಡ್ಡು ಹೋಗುವ ದಾರಿಗಳು

ಎಣ್ಣೆ ಹಚ್ಚಿ ನೀವುವುದರಿಂದ ಮೈ ಸಡಿಲವಾಗುತ್ತದೆ, ನಿದ್ದೆ ಬರುತ್ತದೆ, ಮಲಬದ್ಧತೆಗೂ ಸ್ವಲ್ಪ ಅನುಕೂಲ, ಮಗುವಿಗೂ ಹಿತ. ಮಾಡಿ, ಬೇಡ ಅನ್ನುವವರಿಲ್ಲ. ಆದರೆ ಅದರಿಂದ ನಡಿಗೆ ಬರುವುದಿಲ್ಲ. ಬಲವಂತವಾಗಿ ಎಳೆಯುವುದು, ಲಟಕ್ ಅನ್ನಿಸುವುದಂತೂ ಬೇಡವೇ ಬೇಡ. ನಿಲ್ಲದ, ನಡೆಯದ ಮಕ್ಕಳ ಮೂಳೆ ತೆಳುವಾಗಿರುತ್ತದೆ, ಮುರಿದೇ ಹೋಗಬಹುದು.

ಆಮ್ಲಜನಕದ ಡಬ್ಬಿಯೊಳಗೆ ಮಲಗಿಸುವ ಹೈಪರ್‌ಬೇರಿಕ್ ಚಿಕಿತ್ಸೆಯನ್ನು ಕೆನಡಾದಲ್ಲಿ ಸರಿಯಾಗಿ ಪರೀಕ್ಷೆ ಮಾಡಿ 2001ರಲ್ಲಿ ಪ್ರಕಟಿಸಿದರು. ಹೆಚ್ಚಿನ ಆಮ್ಲಜನಕ ಪಡೆದವರಿಗೂ ಬರೀ ಸ್ವಲ್ಪ ಒತ್ತಡದ ಮಾಮೂಲಿ ಗಾಳಿ ಪಡೆದವರಿಗೂ ವ್ಯತ್ಯಾಸ ಕಾಣಲಿಲ್ಲ. ಸ್ಟೆಮ್ ಸೆಲ್ ಹೆಸರಿನಲ್ಲಿ ಲಕ್ಷಗಟ್ಟಲೆ ಕೇಳುವವರಿದ್ದಾರೆ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಸಿ.ಪಿ.ಗೆ ಸ್ಟೆಮ್ ಸೆಲ್ ಕೊಡುವುದಾದರೆ ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ಸೇರಿದವರಿಂದ ಚಿಕಿತ್ಸೆಯ ದುಡ್ಡು ತೆಗೆದುಕೊಳ್ಳುವಂತಿಲ್ಲ. ದುಡ್ಡು ಕೇಳಿದರು ಅಂದರೆ ಎದ್ದು ಬನ್ನಿ. ಕುದುರೆ ಸವಾರಿ ಥೆರಪಿಯಿಂದ ಕೂರುವ ಸಮತೋಲನಕ್ಕೆ ಸ್ವಲ್ಪ ನೆರವಾಗುತ್ತದೆ ಎಂಬ ಅಧ್ಯಯನಗಳಿವೆ. ಹಾಗಂತ ಯಾರೂ ರೇಸ್‌ಕೋರ್ಸ್ ಕಡೆ ಓಡಬೇಕಿಲ್ಲ.

ಒಂದು ಎಚ್ಚರಿಕೆ. ಔಷಧಿ ಇಲ್ಲದ ಚಿಕಿತ್ಸೆ ಅಂತ ಇಷ್ಟೆಲ್ಲ ಬರೆದೆವು ಅಂತ ಫಿಟ್ಸ್ ಮಾತ್ರೆ ನಿಲ್ಲಿಸಬೇಡಿ. ನಾಲ್ವರಲ್ಲಿ ಒಬ್ಬರಿಗೆ ಫಿಟ್ಸ್ ಇರುತ್ತದೆ, ಮಾತ್ರೆ ಹಠಾತ್ ಬಿಟ್ಟರೆ ಜೀವಕ್ಕೆ ಅಪಾಯ. ಬಿಗಿತಕ್ಕೆ ಇಂಜೆಕ್ಷನ್, ಆಪರೇಷನ್ ಕೂಡ ಕೆಲವರಿಗೆ ಬೇಕಾಗುತ್ತದೆ, ಅವು ಥೆರಪಿಯ ಜೊತೆಗೇ ನಡೆಯುವಂಥವು.

ಕಾಗದ ಪತ್ರ

ಮೊದಲು ಯುಡಿಐಡಿ ಕಾರ್ಡ್. ಆನ್‌ಲೈನ್ ಅರ್ಜಿ ಹಾಕಬೇಕು, ಸೈಬರ್ ಸೆಂಟರಿನವರು ಮಾಡಿಕೊಡುತ್ತಾರೆ. ಶೇ. 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಅಂತ ವೈದ್ಯರು ಬರೆದರೆ ಹೆಚ್ಚಿನ ಸೌಲಭ್ಯಗಳಿಗೆ ದಾರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದೆ. 6ರಿಂದ 18 ವರ್ಷದವರೆಗೆ ಹತ್ತಿರದ ಶಾಲೆಯಲ್ಲೋ ವಿಶೇಷ ಶಾಲೆಯಲ್ಲೋ ಉಚಿತವಾಗಿ ಓದುವುದು ಮಗುವಿನ ಹಕ್ಕು. 'ನಮ್ಮಲ್ಲಿ ಆಗಲ್ಲ' ಅಂತ ಶಾಲೆ ಹೇಳುವಂತಿಲ್ಲ. ಹೊರಬರಲು ಆಗದ ಮಗುವಿಗೆ ಮನೆಗೇ ಬಂದು ಕಲಿಸುವ ಗೃಹಾಧಾರಿತ ಶಿಕ್ಷಣಕ್ಕೆ ಬಿಆರ್‌ಸಿಯಲ್ಲಿ ಕೇಳಿ.

ಎರಡನೆಯದು 'ನಿರಾಮಯ' ವಿಮೆ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಸಿ.ಪಿ., ಆಟಿಸಂ, ಬೌದ್ಧಿಕ ಅಸಾಮರ್ಥ್ಯ, ಬಹುವಿಧ ಅಂಗವೈಕಲ್ಯ ಇರುವವರಿಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ. ಆಸ್ಪತ್ರೆಗೆ ದಾಖಲಾಗದೆ ಮಾಡಿಸುವ ಥೆರಪಿ ಖರ್ಚಿಗೂ ಅದರಲ್ಲಿ ಒಂದು ಮಿತಿಯವರೆಗೆ ಹಣ ಸಿಗುತ್ತದೆ. ಮಾಮೂಲಿ ಇನ್ಶೂರೆನ್ಸ್ ಕಂಪನಿಗಳು ಮೊದಲೇ ಕಾಯಿಲೆ ಇದೆ ಅಂತ ಕೈ ಎತ್ತುವಾಗ ಇದು ದೊಡ್ಡ ಅನುಕೂಲ, ಆದರೂ ಗೊತ್ತಿರುವವರು ಕಡಿಮೆ. ಹಳ್ಳಿಗಳಲ್ಲಿ ಈ ಮಾಹಿತಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕು ಪಂಚಾಯಿತಿಯಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಕೇಳಬೇಕು. ಮಾತಿನ ಥೆರಪಿಸ್ಟ್, ವಿಶೇಷ ಶಿಕ್ಷಕರ ಹತ್ತಿರ ಖಾಸಗಿಯಾಗಿ ಹೋಗುವುದಾದರೆ ಅವರ ಆರ್‌ಸಿಐ ನೋಂದಣಿ ಸಂಖ್ಯೆ ಕೇಳಿ. ಕೇಳುವುದರಲ್ಲಿ ಸಂಕೋಚ ಬೇಡ.

18 ತುಂಬಿದ ಮೇಲೆ ಥೆರಪಿ ನಿಂತುಹೋಗುತ್ತದೆ, ಮಕ್ಕಳ ವಿಭಾಗದವರು ನೋಡುವುದಿಲ್ಲ, ದೊಡ್ಡವರ ವಿಭಾಗದಲ್ಲಿ ಗೊತ್ತಿರುವವರು ಕಡಿಮೆ. ಮೂವತ್ತು ನಲವತ್ತರ ವಯಸ್ಸಿಗೆ ಸುಸ್ತು, ಕೀಲುನೋವು ಹೆಚ್ಚಿ, ನಡೆಯುತ್ತಿದ್ದವರೂ ನಡಿಗೆ ಕಡಿಮೆ ಮಾಡುತ್ತಾರೆ. ವ್ಯಾಯಾಮ, ಭಂಗಿ, ಸ್ಪ್ಲಿಂಟ್ ಇವು ದೊಡ್ಡವರಿಗೂ ಬೇಕು. ತಮ್ಮ ವ್ಯವಹಾರ ತಾವು ನೋಡಿಕೊಳ್ಳಲಾರದವರಾದರೆ ತಂದೆ ತಾಯಿಯೇ ಆದರೂ 18ರ ನಂತರ ಕಾನೂನು ಪ್ರಕಾರ ಪೋಷಕರಾಗಿ ನೇಮಕವಾಗಬೇಕು. ಅದಕ್ಕೆ ಜಿಲ್ಲಾಧಿಕಾರಿ ಇರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು.

ಅಂಗಡಿಯವರಿಗೆ

ಕಲಿತದ್ದನ್ನು ಬಳಸುವ ಜಾಗ ಬೀದಿ, ಅಂಗಡಿ, ಬಸ್‌ಸ್ಟಾಪು. ವಾಕರ್ ಹಿಡಿದು ನಡೆಯಲು ಕಲಿತ ಹುಡುಗಿಗೆ ನಿಮ್ಮ ಅಂಗಡಿ ಮುಂದಿನ ಎರಡು ಮೆಟ್ಟಿಲು ಅಡ್ಡ ಬಂದರೆ ಅವಳ ಅಭ್ಯಾಸ ಅಲ್ಲಿಗೇ ನಿಲ್ಲುತ್ತದೆ. ಇಳಿಜಾರಿನ ಲೆಕ್ಕ ಸುಲಭ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಆರು ಇಂಚಿನ ಒಂದು ಮೆಟ್ಟಿಲಿಗೆ ಆರು ಅಡಿ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿ ತಳ್ಳುವವರಿಗೂ ಅಪಾಯ. ಚರಂಡಿ ಮೇಲಿನ ಜಾಗ ಅಷ್ಟಿಲ್ಲ ಅಂದರೆ ಬೇಕಾದಾಗ ಇಟ್ಟು ತೆಗೆಯುವ ಗಟ್ಟಿ ಹಲಗೆಯೋ ಕಬ್ಬಿಣದ ತಗಡೋ ಮಾಡಿಸಿಡಬಹುದು, ಮೇಲೆ ಜಾರದಂತೆ ಮ್ಯಾಟ್ ಬಡಿಸಿ. ಫುಟ್‌ಪಾತಿಗೆ ಬಂದ ಬೋರ್ಡು, ಕ್ರೇಟುಗಳನ್ನು ಒಳಗೆಳೆದುಕೊಂಡರೆ ಅದೂ ದೊಡ್ಡ ಉಪಕಾರವೇ.

ಗಿರಾಕಿಯ ಮಾತು ತಡವಾಗಿ ಬಂದರೆ ವಾಕ್ಯವನ್ನು ನೀವೇ ಮುಗಿಸಬೇಡಿ. ಜೊತೆಯಲ್ಲಿ ಬಂದವರನ್ನು 'ಏನಂತೆ ಇವನಿಗೆ ಬೇಕಾಗಿದ್ದು?' ಅಂತ ಕೇಳುವ ಬದಲು ಅವನನ್ನೇ ಕೇಳಿ. ಅರ್ಥವಾಗದಿದ್ದರೆ 'ಇನ್ನೊಂದ್ಸಲ ಹೇಳಪ್ಪ' ಅನ್ನಿ, ಅಥವಾ ಬೆರಳು ಮಾಡಿ ತೋರಿಸಲು ಹೇಳಿ. ಚಿಲ್ಲರೆಯನ್ನು ಅಮ್ಮನ ಕೈಗೆ ಕೊಡದೆ ಅವನ ಅಂಗೈಗೇ ಇಡಿ, ಬಿದ್ದರೆ ಎತ್ತಿಕೊಳ್ಳಲಿ.